‘ತಲಿಯಿಲ್ಲ’ ಅನ್ನಿಸಿಕೊಂಡ ಹುಡುಗಿಯ ಆಡಿನ ಲೆಕ್ಕ

ಮಕ್ಕಳ ಕಲಿಕೆಯ ತೊಡಕು ನೋಡುವ ನನ್ನ ಹತ್ತಿರ ಹುಡುಗಿಯನ್ನು ಕರೆದುಕೊಂಡು ಬಂದವರು ಅಜ್ಜಿ. ಕೂತ ಕೂಡಲೇ ಮಡಚಿದ ಕಾಗದವೊಂದನ್ನು ನನ್ನ ಮುಂದೆ ಇಟ್ಟರು. “ಇದಕ್ಕ ಹೆಬ್ಬೆಟ್ಟು ಒತ್ತು ಅಂತಾರ್ರೀ ಮೇಡಮ್. ಒತ್ತಲೋ ಬ್ಯಾಡೋ?”

ಅದು ಟಿಸಿ ಕೇಳುವ ಅರ್ಜಿ. ಹುಡುಗಿಯನ್ನು ವಿಶೇಷ ಶಾಲೆಗೆ ಸೇರಿಸುತ್ತೇವೆ ಎಂದು ಮನೆಯವರೇ ಕೇಳಿಕೊಂಡ ಹಾಗೆ ಬರೆದಿತ್ತು. ಬರೆದವರು ಮಾತ್ರ ಶಾಲೆಯವರು. ಕಾರಣ: ಬುದ್ಧಿಮಾಂದ್ಯತೆ. ಯಾವ ಡಾಕ್ಟರೂ ಮಗುವನ್ನು ನೋಡಿರಲಿಲ್ಲ.

ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರು ಕಲ್ಯಾಣ ಕರ್ನಾಟಕದ ಒಂದು ತಾಂಡಾ. ಹುಡುಗಿಗೆ 9 ವರ್ಷ, ನಾಲ್ಕನೇ ತರಗತಿ. ಅಪ್ಪ ಅಮ್ಮ ದೀಪಾವಳಿ ಆಗುತ್ತಿದ್ದ ಹಾಗೆ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಮೂರನೇ ತರಗತಿವರೆಗೆ ಮಗಳೂ ಜೊತೆಗೆ ಹೋಗುತ್ತಿದ್ದಳು. ಅಂದರೆ ಮೂರು ವರ್ಷವೂ ಅರ್ಧರ್ಧ ಶಾಲೆ. ಈಗ ಅಜ್ಜಿಯ ಹತ್ತಿರ ಇದ್ದಾಳೆ. ಮನೆಮಾತು ಲಂಬಾಣಿ.

ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳು ನೆಲ ನೋಡುತ್ತಿದ್ದಳು. ಇದನ್ನೇ ಶಾಲೆಯಲ್ಲಿ ‘ತಲಿಯಿಲ್ಲ’ ಎಂದಿದ್ದರು. ನನಗೆ ಲಂಬಾಣಿ ಬಾರದು. ಅಜ್ಜಿಗೆ ಹೇಳಿದೆ: “ಅವ್ವಾ, ನಾನು ಕೇಳಿದ್ದನ್ನ ನಿಮ್ಮ ಮಾತಲ್ಲೇ ಕೇಳ್ರಿ. ಉತ್ತರ ಮಾತ್ರ ಹೇಳಿಕೊಡಬೇಡಿ.” ಮನೆಯಲ್ಲಿ 14 ಆಡು ಇದ್ದವು, ಸಂತೆಯಲ್ಲಿ 5 ಮಾರಿದಿರಿ, ಆಮೇಲೆ 2 ಮರಿ ಹಾಕಿದವು, ಈಗ ಎಷ್ಟು? ಅಜ್ಜಿ ಮಾತು ಮುಗಿಸುವಷ್ಟರಲ್ಲಿ ಹುಡುಗಿ ಬೆರಳು ಮಡಚಿ ಎಣಿಸಿ 11 ಅಂದಳು. ಯಾವ ಆಡು ಮಾರಿದ್ದು, ಯಾಕೆ ಮಾರಿದ್ದು ಎಂಬುದನ್ನೂ ಹೇಳಿದಳು. ಅದಾದ ಮೇಲೆ ಮಾತು ನಿಲ್ಲಲೇ ಇಲ್ಲ.

ಓದುವಾಗ ಮಾತ್ರ ತಡವರಿಸಿದಳು. ಬಿಡಿ ಅಕ್ಷರ ಗೊತ್ತು. ಒತ್ತಕ್ಷರ ಬಂದಲ್ಲಿ ನಿಲ್ಲುತ್ತಿದ್ದಳು. ಜೊತೆಗೆ ಇನ್ನೊಂದು ಕಂಡಿತು. ಯಾರು ಮಾತಾಡಿದರೂ ಬಲಗಿವಿಯನ್ನು ಅವರ ಕಡೆಗೆ ತಿರುಗಿಸುತ್ತಿದ್ದಳು. ಕೇಳಿದಾಗ ಅಜ್ಜಿ ಸಹಜವಾಗಿ ಹೇಳಿದರು, “ಮಳಿಗಾಲದಾಗ ಎಡಗಿವಿ ಸೋರ್ತದ್ರೀ.”

ಮನೆಮಾತು ಬೇರೆ, ಶಾಲೆ ತಪ್ಪಿದೆ, ಕಿವಿ ಸರಿಯಿಲ್ಲ. ಇದರ ಮೇಲೆ ನಿಜವಾದ ಕಲಿಕಾ ನ್ಯೂನತೆಯೂ (ಬುದ್ಧಿ ಚೆನ್ನಾಗಿದ್ದೂ ಓದು, ಬರಹ, ಲೆಕ್ಕದಲ್ಲಿ ಬರುವ ತೊಡಕು) ಇದೆಯೋ ಏನೋ, ಒಂದೇ ದಿನದಲ್ಲಿ ಹೇಳಲು ಆಗದು. ಆದರೆ ಬುದ್ಧಿಮಾಂದ್ಯತೆ ಎಂಬ ಮಾತಿಗೆ ಅಲ್ಲಿ ಯಾವ ಆಧಾರವೂ ಇರಲಿಲ್ಲ. ಹೆಬ್ಬೆಟ್ಟು ಒತ್ತಬೇಡಿ ಎಂದೆ.

ಮುಂದಿನ ವಾರ ಶಾಲೆಗೆ ಹೋದೆ. ಐದು ತರಗತಿ, 47 ಮಕ್ಕಳು, ಒಬ್ಬ ಮುಖ್ಯ ಶಿಕ್ಷಕರು, ಒಬ್ಬ ಅತಿಥಿ ಶಿಕ್ಷಕಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇದು ಸರಿಯಾಗೇ ಇದೆ: 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಆದರೆ ಮುಖ್ಯ ಶಿಕ್ಷಕರಿಗೆ ಮೀಟಿಂಗ್, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಎಷ್ಟೋ ದಿನ ಐದೂ ತರಗತಿ ಆ ಒಬ್ಬ ಶಿಕ್ಷಕಿಯದೇ. ಅವರು ಬೇರೆ ಜಿಲ್ಲೆಯವರು. ತಾಂಡಾದ ಮಾತು ಅವರಿಗೂ ಹೊಸದು.

ಅವರು ಕಣ್ಣು ತುಂಬಿಕೊಂಡೇ ಮಾತಾಡಿದರು. “ಮೇಡಮ್, ನಾನು ಆ ಮಗೂನ ಕಳಿಸಬೇಕು ಅಂತ ಹೇಳಿಲ್ಲ. ಅವಳಿಗೆ ಏನು ಮಾಡಬೇಕೋ ನನಗೆ ಗೊತ್ತಾಗ್ತಿಲ್ಲ ಅಂದೆ ಅಷ್ಟೇ.” ಈ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಗೊತ್ತಾಗದೇ ಇದ್ದಾಗ ಕೇಳಲು ಪಕ್ಕದಲ್ಲಿ ಒಬ್ಬರು ಇರಬೇಕು, ಅಲ್ವಾ? ವಿಶೇಷ ಅಗತ್ಯವುಳ್ಳ ಪ್ರತಿ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಇಲ್ಲಿ ಬಿಆರ್‌ಸಿಯ ಬಿಐಇಆರ್‌ಟಿ (ಕ್ಷೇತ್ರ ಸಂಪನ್ಮೂಲ ಕೇಂದ್ರದ, ವಿಶೇಷ ಅಗತ್ಯದ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರು) ಒಬ್ಬರು ಹತ್ತಾರು ಶಾಲೆ ಸುತ್ತಬೇಕು. ಈ ಶಾಲೆಗೆ ಅವರು ಆ ವರ್ಷ ಬಂದೇ ಇರಲಿಲ್ಲ.

ಮುಖ್ಯ ಶಿಕ್ಷಕರಿಗೆ ಕಾನೂನಿನ ವಿಷಯ ನೇರವಾಗಿ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ನ್ಯೂನತೆ ಇದ್ದರೂ ಹತ್ತಿರದ ಶಾಲೆಯಲ್ಲಿ ಓದುವ ಹಕ್ಕು ಮಗುವಿಗೆ ಇದೆ. ವಿಶೇಷ ಶಾಲೆ ಬೇಕೆನ್ನುವುದು ಮನೆಯವರ ಆಯ್ಕೆ. ಬಿಐಇಆರ್‌ಟಿ ಭೇಟಿಗೆ ಫೋನಿನಲ್ಲಿ ಹೇಳಿ ಸುಮ್ನಾಗಬೇಡಿ, ಬರೆದು ಕಳಿಸಿ, ಒಂದು ಪ್ರತಿ ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಹತ್ತಿರ ಇರಲಿ ಎಂದೆ. ಅವರು ಅರ್ಜಿ ವಾಪಸ್ ತಗೊಂಡರು.

ಅಜ್ಜಿಗೆ ಕೊಟ್ಟ ಮೊದಲ ಸಲಹೆ ಕಿವಿಯದು. ಎಣ್ಣೆ ಬಿಡಬೇಡಿ, ತಾಲ್ಲೂಕು ಆಸ್ಪತ್ರೆಗೆ ತೋರಿಸಿ, ಕಣ್ಣನ್ನೂ ಪರೀಕ್ಷೆ ಮಾಡಿಸಿ. ಎರಡನೆಯದು, ಹುಡುಗಿ ಈ ವರ್ಷ ಗುಳೆ ಹೋಗುವುದು ಬೇಡ. ಮನೆಯಲ್ಲಿ ಕನ್ನಡವನ್ನೇ ಆಡಬೇಕಾ ಎಂದು ಅವರು ಕೇಳಿದರು. ಬೇಡವೇ ಬೇಡ ಎಂದೆ. ಲಂಬಾಣಿಯಲ್ಲೇ ಜಾಸ್ತಿ ಮಾತಾಡಿಸಿ, ಕಥೆ ಹೇಳಿ. ಮನೆಮಾತು ಗಟ್ಟಿಯಿದ್ದರೆ ಎರಡನೇ ಮಾತಿಗೆ ಅದೇ ಆಸರೆ.

ಶಿಕ್ಷಕಿಗೆ ಹೇಳಿದ್ದು ಅವರ ಕೈಲಾಗುವಷ್ಟನ್ನೇ. ಬಲಗಿವಿ ತಮ್ಮ ಕಡೆ ಬರುವಂತೆ ಹುಡುಗಿಯನ್ನು ಮುಂದೆ ಕೂರಿಸುವುದು. ಐದನೇ ತರಗತಿಯ ಲಂಬಾಣಿ ಹುಡುಗಿಯೊಬ್ಬಳನ್ನು ಜೋಡಿ ಮಾಡುವುದು. ಲಂಬಾಣಿಗೆ ತನ್ನದೇ ಲಿಪಿ ಬಳಕೆಯಲ್ಲಿಲ್ಲ, ಹಾಗಾಗಿ ಹುಡುಗಿ ಹೇಳಿದ ಕಥೆಯ ಮಾತುಗಳನ್ನೇ ಕನ್ನಡ ಅಕ್ಷರದಲ್ಲಿ ಬರೆದು ಓದಿಸುವುದು. ಯಾಡಿ (ಅಮ್ಮ), ಬಾಪು (ಅಪ್ಪ), ಪಾಣಿ (ನೀರು). ಇದು ಕಲಿಸುವ ದಾರಿ, ಜೊತೆಗೆ ಪರೀಕ್ಷೆ ಕೂಡ. ಗೊತ್ತಿರುವ ಮಾತನ್ನು ಸಲೀಸಾಗಿ ಓದಿದರೆ ತೊಡಕು ಭಾಷೆಯದು. ತನ್ನದೇ ಮಾತನ್ನು ಓದುವಾಗಲೂ ಅಷ್ಟೇ ತಡವರಿಸಿದರೆ ಬೇರೆ ಏನೋ ಇದೆ.

ಆರು ತಿಂಗಳ ಮೇಲೆ ಮತ್ತೆ ನೋಡಿದೆ. ಕಿವಿ ಸೋರುವುದು ನಿಂತಿದೆ, ಎಡಗಡೆ ಕೇಳಿಸುವುದು ಇನ್ನೂ ಸ್ವಲ್ಪ ಕಡಿಮೆ. ತರಗತಿಯಲ್ಲಿ ಕೈ ಎತ್ತುತ್ತಾಳೆ. ಬಾಯಿಲೆಕ್ಕದಲ್ಲಿ ಮುಂದಿದ್ದಾಳೆ. ಆದರೆ ಓದು ನಿರೀಕ್ಷೆಯಷ್ಟು ಸುಧಾರಿಸಿಲ್ಲ. ಲಂಬಾಣಿ ಮಾತುಗಳಲ್ಲೂ ಅಕ್ಷರ ಅದಲುಬದಲಾಗುತ್ತವೆ. ಎಲ್ಲವೂ ಭಾಷೆಯ ತೊಡಕೇ ಎಂದು ಹೇಳಿಬಿಡುವ ಆಸೆ ನನಗೂ ಇತ್ತು. ಹಾಗೆ ಹೇಳಿದ್ದರೆ ಅದೂ ಮಗುವಿಗೆ ಅನ್ಯಾಯವೇ. ಜಿಲ್ಲಾ ಆಸ್ಪತ್ರೆಗೆ ಕಲಿಕಾ ನ್ಯೂನತೆಯ ಪರೀಕ್ಷೆಗೆ ಬರೆದುಕೊಟ್ಟೆ. ಸರ್ಕಾರದ ಮಾರ್ಗಸೂಚಿಯಂತೆ 8 ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬಹುದು. ಸಿಕ್ಕರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ನೀವೂ ಒಳಗೆ ಹೋಗಿ, ಮನೆಮಾತು ಲಂಬಾಣಿ ಎಂದು ಮೊದಲೇ ಹೇಳಿ ಎಂದು ಅಜ್ಜಿಗೆ ತಿಳಿಸಿದ್ದೇನೆ.

ಶಿಕ್ಷಕಿಯ ಅವಧಿ ಈ ಶಾಲಾ ವರ್ಷದ ಜೊತೆ ಮುಗಿಯುತ್ತದೆ. ಜೂನ್‌ನಲ್ಲಿ ಇದೇ ಶಾಲೆಗೆ ಬರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಮುಂದೆ ಬರುವವರಿಗೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಹುಡುಗಿಯ ಬಗ್ಗೆ ಬರೆದಿಡಲು ಹೇಳಿದ್ದೆ. ಮೊನ್ನೆ ತೋರಿಸಿದರು. ಮೊದಲ ಸಾಲು: ‘ಬಲಗಡೆ ನಿಂತು ಮಾತಾಡಿ. ಉತ್ತರಕ್ಕೆ ಸ್ವಲ್ಪ ಕಾಯಿರಿ.’