‘ನಮ್ಮ ವಂಶದಲ್ಲೇ ಇದೆ’ ಎನ್ನುವವರಿಗೆ

ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗುವುದರ ಬಗ್ಗೆ ಈ ಮಾತು ಹೇಳಿಕೊಂಡು ಬರುವವರು ಈಚೆಗೆ ಜಾಸ್ತಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿ.

ನಲವತ್ತು ದಾಟಿದವರು. ಟೈಪ್ 2 ಡಯಾಬಿಟಿಸ್. ಅಪ್ಪನಿಗೂ ದೊಡ್ಡಪ್ಪನಿಗೂ ಇದೇ ಕಾಯಿಲೆಯಿಂದ ಕಣ್ಣು ಹೋಗಿತ್ತು. ಮಾತ್ರೆ ತಪ್ಪಿಸುವವರಲ್ಲ, ಆದರೆ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆಯೂ ಹೋಗಿರಲಿಲ್ಲ. ಜೀನ್ ಟೆಸ್ಟ್ ಮಾಡಿಸಲೇ ಎಂದು ಕೇಳಲು ಬಂದಿದ್ದರು.

“ಜೀನಲ್ಲಿದ್ರೆ ಹಣೆಬರಹ ಅಂದುಕೊಳ್ತೀನಿ. ಇಲ್ಲಾಂದ್ರೆ ನೆಮ್ಮದಿ.”

ಅಪ್ಪನ ಕಣ್ಣನ್ನು ಮೊದಲ ಸಲ ಯಾವಾಗ ತೋರಿಸಿದ್ರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಒಂದು ಕಣ್ಣು ಪೂರ್ತಿ ಮಸುಕಾದ ಮೇಲೆ.” ದೊಡ್ಡಪ್ಪನದು? “ಅವರೂ ಹಾಗೇ.” ಕೈಯಲ್ಲಿದ್ದ ಫೈಲು ಮುಚ್ಚಿದರು. “ಅಂದ್ರೆ ಅವರದು ಬರೀ ಜೀನ್ ಅಲ್ಲ, ಅಲ್ವಾ?”

ಜೀನ್ ಪಾತ್ರವನ್ನು ನಾನು ಅಲ್ಲಗಳೆಯಲಿಲ್ಲ. ತೀವ್ರವಾದ ರೆಟಿನೋಪತಿ (ಸಕ್ಕರೆಯಿಂದ ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಹಾಳಾಗುವುದು) ಕೆಲವು ಕುಟುಂಬಗಳಲ್ಲಿ ಜಾಸ್ತಿ ಕಾಣಿಸುತ್ತದೆ ಎಂದು ಡಿಸಿಸಿಟಿ ಎಂಬ ದೊಡ್ಡ ಡಯಾಬಿಟಿಸ್ ಅಧ್ಯಯನದವರು 1997ರಲ್ಲೇ ತೋರಿಸಿದ್ದಾರೆ. ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನು, ಸಕ್ಕರೆಯನ್ನು ಸಾರ್ಬಿಟಾಲ್ ಮಾಡುವ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವ, ಇವುಗಳ ಜೀನ್‌ಗಳನ್ನು ಜಾಲಾಡಿದ್ದಾರೆ. ಸಿಕ್ಕ ಪ್ರಭಾವಗಳು ಸಣ್ಣವು, ಒಂದು ಅಧ್ಯಯನದಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ನಿಮ್ಮ ಕಣ್ಣು ಹೋಗುತ್ತದೋ ಇಲ್ಲವೋ ಎಂದು ಹೇಳುವ ಜೀನ್ ಟೆಸ್ಟ್ ಇಲ್ಲ. ಅದೇ ಡಿಸಿಸಿಟಿಯಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟವರಿಗೆ ರೆಟಿನೋಪತಿ ಶುರುವಾಗುವ ಅಪಾಯ 76% ಇಳಿಯಿತು. ಅವರೆಲ್ಲ ಟೈಪ್ 1ನವರು, ನಿಜ. ಆದರೆ ಟೈಪ್ 2ನವರ ಮೇಲೆ ಬ್ರಿಟನ್ನಿನಲ್ಲಿ ನಡೆದ ಯುಕೆಪಿಡಿಎಸ್ ಅಧ್ಯಯನ ಕೂಡ 1998ರಲ್ಲಿ ಅದೇ ದಿಕ್ಕು ತೋರಿಸಿತು, ಬಿಪಿ ಇಳಿಸಿದರೂ ಕಣ್ಣಿಗೆ ಲಾಭ ಎಂದಿತು.

ಟೆಸ್ಟ್ ಬೇಡ, ಮೊದಲು ಕಣ್ಣು ತೋರಿಸಿ ಎಂದೆ. ಟೆಸ್ಟ್ ಬೇಡ ಅನ್ನೋಕೆ ನೀವ್ಯಾರು ಎಂದು ಸಹೋದ್ಯೋಗಿಯೊಬ್ಬರು ತಕರಾರು ತೆಗೆದರು. ನನ್ನ ಉತ್ತರ ಇಷ್ಟೇ. ಯಾವ ರಿಸಲ್ಟ್ ಬಂದರೂ ಮುಂದಿನ ಹೆಜ್ಜೆ ಒಂದೇ: ಹನಿ ಹಾಕಿ, ಪಾಪೆ ಅಗಲಿಸಿ, ರೆಟಿನಾ ನೋಡಿಸುವುದು. ‘ಅಪಾಯ ಕಡಿಮೆ’ ಎಂಬ ಒಂದು ಚೀಟಿ ಸಿಕ್ಕಿದ್ದರೆ ಈ ಮನುಷ್ಯ ಇನ್ನೂ ಐದು ವರ್ಷ ಸುಮ್ನೆ ಕೂರುತ್ತಿದ್ದರು. ನನಗೆ ಭಯವಿದ್ದದ್ದು ಅದೇ.

ಟೈಪ್ 2ನವರು ಕಾಯಿಲೆ ಗೊತ್ತಾದಾಗಲೇ ಕಣ್ಣು ತೋರಿಸಬೇಕು, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಚೆನ್ನಾಗಿ ಕಾಣುತ್ತಿದೆ ಅನ್ನುವುದನ್ನು ನಂಬುವಂತಿಲ್ಲ. ಇವರೂ ಚಾರ್ಟಿನ ಕೊನೆಯ ಸಾಲು ಸಲೀಸಾಗಿ ಓದಿದರು. ಆದರೂ ಎಡಗಣ್ಣಿನ ರೆಟಿನಾದಲ್ಲಿ ಸಣ್ಣ ಕೆಂಪು ಚುಕ್ಕೆಗಳಿದ್ದವು. ಆರಂಭದ ಹಂತ, ಲೇಸರ್ ಬೇಕಾಗಲಿಲ್ಲ. ಸಕ್ಕರೆ, ಬಿಪಿ ಹಿಡಿತಕ್ಕೆ ತನ್ನಿ, ಹೇಳಿದ ದಿನ ಮತ್ತೆ ಬನ್ನಿ ಎಂದರು ಕಣ್ಣಿನ ಡಾಕ್ಟರ್.

ಇವರ ಅಣ್ಣನಿಗೂ ಸಕ್ಕರೆ ಇದೆ, ಇನ್ನೂ ಕಣ್ಣು ತೋರಿಸಿಲ್ಲ. ಉಪದೇಶ ಮಾಡಬೇಡಿ, ನಿಮ್ಮ ರಿಪೋರ್ಟ್ ತೋರಿಸಿ ಅಂದಿದ್ದೇನೆ.