ಫೋರ್ ಬೈ ಫೋರ್ ಕೊಳ್ಳುವಾಗ ಆಫ್‌ರೋಡ್ ಓಡಿಸುವವರು ನಿಜವಾಗಿ ಏನು ನೋಡುತ್ತಾರೆ?

ವಾರವಿಡೀ ವೈಟ್‌ಫೀಲ್ಡ್ ಆಫೀಸು, ತಿಂಗಳಿಗೊಮ್ಮೆ ಸಕಲೇಶಪುರ, ಚಿಕ್ಕಮಗಳೂರು ಕಡೆಯ ಮಣ್ಣಿನ ದಾರಿ, ಮನೆಯಲ್ಲಿ ಮೂರು ಜನ. ಇದಕ್ಕೆ ಎಷ್ಟು ಬಿಎಚ್‌ಪಿ (ಎಂಜಿನ್ನಿನ ಶಕ್ತಿಯ ಅಳತೆ) ಇರುವ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು ಅಂತ ಕೇಳಿದ್ದೀರಿ. ನಾನು ಸಕಲೇಶಪುರದ ಕಡೆಯವನು. ಹದಿನೈದು ವರ್ಷದಿಂದ ಬೆಂಗಳೂರಿನಲ್ಲಿದ್ದೇನೆ. ಮೊದಲು ಮಾರುತಿ ಜಿಪ್ಸಿ ಇತ್ತು, ಈಗ ಮಹೀಂದ್ರ ಥಾರ್ ಇದೆ. ಬಿಎಚ್‌ಪಿಯನ್ನು ಕೊನೆಗೆ ನೋಡಿ ಅಂತ ಹೇಳುತ್ತೇನೆ. ಗಾಡಿ ಎಷ್ಟು ನಿಧಾನವಾಗಿ ಹೋಗಬಲ್ಲದು ಅನ್ನುವುದನ್ನು ಮೊದಲು ನೋಡಿ.

ನಮ್ಮ ಕಡೆ ಹಳೆಯ ಮಹೀಂದ್ರ ಜೀಪುಗಳು ಇವತ್ತಿಗೂ ತೋಟದ ಕೆಲಸ ಮಾಡುತ್ತಿವೆ. ಎಂಎಂ 540 ಅನ್ನುವ ಜೀಪಿನ ಡೀಸೆಲ್ ಎಂಜಿನ್‌ಗೆ ಇದ್ದದ್ದು 60ರ ಆಸುಪಾಸು ಬಿಎಚ್‌ಪಿ. ಈಗಿನ ಚಿಕ್ಕ ಕಾರುಗಳಿಗೂ ಅದಕ್ಕಿಂತ ಜಾಸ್ತಿ ಇರುತ್ತದೆ. ಆದರೂ ಮಳೆಗಾಲದಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು, ಹಿಂದೆ ಆರೇಳು ಜನರನ್ನು ಕೂರಿಸಿಕೊಂಡು ಆ ಜೀಪು ಕೆಂಪು ಮಣ್ಣಿನ ಏರು ಹತ್ತುತ್ತದೆ. ಡ್ರೈವರ್ ಲೋ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಸ್ಟೇರಿಂಗ್ ಹಿಡಿದು ಕೂತಿರುತ್ತಾನೆ. ಗಾಡಿ ತಾನಾಗಿ ತೆವಳಿಕೊಂಡು ಹೋಗುತ್ತದೆ.

ಆ ಲೋ ಗೇರ್ ಇರುವುದು ಟ್ರಾನ್ಸ್‌ಫರ್ ಕೇಸ್‌ನಲ್ಲಿ, ಅಂದರೆ ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಇನ್ನೊಂದು ಗೇರ್ ಪೆಟ್ಟಿಗೆಯಲ್ಲಿ. ಗೇರ್ ಲಿವರ್ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್ ಇರುತ್ತದಲ್ಲ, ಅದು ಇದರದ್ದೇ. ಕೆಲವು ಗಾಡಿಗಳಲ್ಲಿ ಲಿವರ್ ಬದಲು ತಿರುಗಿಸುವ ನಾಬ್ ಇರುತ್ತದೆ. 4ಎಲ್‌ಗೆ, ಅಂದರೆ ನಾಲ್ಕೂ ಚಕ್ರದ ಲೋ ಗೇರಿಗೆ ಹಾಕಿದರೆ ಅದೇ ಎಂಜಿನ್, ಅದೇ ಫಸ್ಟ್ ಗೇರ್, ಆದರೆ ಚಕ್ರ ಎರಡರಿಂದ ಎರಡೂವರೆ ಪಟ್ಟು ನಿಧಾನವಾಗಿ ತಿರುಗುತ್ತದೆ. ಎಳೆಯುವ ಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಏರಿಗಿಂತ ಇಳಿಜಾರಿನಲ್ಲಿ ಇದರ ಬೆಲೆ ಗೊತ್ತಾಗುವುದು. ಕೆಸರಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ಲೋ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ.

ಶೋರೂಮಿನಲ್ಲಿ ‘ಎಡಬ್ಲ್ಯುಡಿ’ (ಆಲ್ ವೀಲ್ ಡ್ರೈವ್) ಅಂತ ತೋರಿಸುವ ಎಷ್ಟೋ ಗಾಡಿಗಳಲ್ಲಿ ಈ ಲೋ ಗೇರ್ ಇರುವುದಿಲ್ಲ. ಮಳೆಯಲ್ಲಿ ಮಡಿಕೇರಿ ಘಾಟಿ ಹತ್ತಲು ಅವು ಒಳ್ಳೆಯ ಗಾಡಿಗಳೇ. ತೋಟದ ಏರಿಗೆ ಸಾಲದು. ಹೆಸರು ನೋಡಿ ಕೊಳ್ಳಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. 2023ರ ಜನವರಿಯಿಂದ ಥಾರ್ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವ ಮಾದರಿಯಲ್ಲೂ ಬಂದಿದೆ. ಹೊರಗಿನಿಂದ ನೋಡಿದರೆ ಎರಡೂ ಸುಮಾರಾಗಿ ಒಂದೇ ಥರ. ಬಾಗಿಲು ತೆಗೆದು ಆ ಎರಡನೇ ಲಿವರ್ ಇದೆಯಾ ಅಂತ ನೋಡಿಯೇ ಮುಂದಿನ ಮಾತಾಡಿ.

ಇನ್ನು ಡಿಫರೆನ್ಷಿಯಲ್ ಲಾಕ್. ಇದನ್ನು ನಾನು ಕಲಿತದ್ದು ಒಂದು ಜುಲೈ ತಿಂಗಳಲ್ಲಿ, ಹಾನುಬಾಳು ಕಡೆಯ ಒಂದು ತೋಟದ ದಾರಿಯಲ್ಲಿ. ನೀರು ಕೊರೆದ ಚರಂಡಿಯೊಂದನ್ನು ಓರೆಯಾಗಿ ದಾಟಲು ಹೋದೆ. ಮುಂದಿನ ಎಡ ಚಕ್ರ ಗಾಳಿಯಲ್ಲಿ, ಹಿಂದಿನ ಬಲ ಚಕ್ರ ಕೆಸರಿನಲ್ಲಿ. 4ಎಲ್ ಹಾಕಿದ್ದೆ. ಆದರೂ ಆ ಎರಡೇ ಚಕ್ರ ಸುಮ್ನೆ ತಿರುಗುತ್ತಿದ್ದವು. ಗಟ್ಟಿ ನೆಲದ ಮೇಲಿದ್ದ ಉಳಿದೆರಡು ಅಲ್ಲಾಡಲಿಲ್ಲ. ನಾಲ್ಕೂ ಚಕ್ರ ಎಳೆಯುವ ಗಾಡಿ ಯಾಕೆ ನಿಂತಿತು ಅಂತ ಅವತ್ತು ನನಗೆ ಅರ್ಥವೇ ಆಗಲಿಲ್ಲ. ಪಕ್ಕದ ತೋಟದವರು ಜೀಪು ತಂದು ಹಗ್ಗ ಕಟ್ಟಿ ಎಳೆದರು.

ಅದು ಗಾಡಿಯ ತಪ್ಪಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಹೋಗಬೇಕು. ಅದಕ್ಕೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಎಡ-ಬಲ ಚಕ್ರಗಳ ನಡುವೆ ಇರುವ ಡಿಫರೆನ್ಷಿಯಲ್ ಅನ್ನುವ ಗೇರುಗಳ ಜೋಡಣೆ ಬಿಡುತ್ತದೆ. ತೊಂದರೆ ಏನೆಂದರೆ, ಒಂದು ಚಕ್ರಕ್ಕೆ ಹಿಡಿತವೇ ಇಲ್ಲದಾಗ ಎಂಜಿನ್ನಿನ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಲಾಕ್ ಹಾಕಿದರೆ ಎರಡೂ ಚಕ್ರ ಒಟ್ಟಿಗೇ ತಿರುಗಬೇಕು, ಹಿಡಿತ ಇರುವ ಚಕ್ರ ಗಾಡಿಯನ್ನು ಎಳೆಯುತ್ತದೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಇಂಥ ಲಾಕ್ ಕಂಪನಿಯಿಂದಲೇ ಬರುತ್ತದೆ. ಕಷ್ಟದ ದಾರಿಗೇ ಅಂತ ಗಾಡಿ ಕೊಳ್ಳುವವರು ಅದನ್ನು ಹುಡುಕಿಕೊಂಡು ಹೋಗುವುದು ಇದಕ್ಕೇ. ಮಾರುತಿಯ ಚಿಕ್ಕ ಫೋರ್ ಬೈ ಫೋರ್ ಜಿಮ್ನಿಯಲ್ಲಿ ಲಾಕ್ ಇಲ್ಲ, ಸುಮ್ನೆ ತಿರುಗುವ ಚಕ್ರವನ್ನು ಬ್ರೇಕ್ ಹಾಕಿ ಹಿಡಿಯುವ ವ್ಯವಸ್ಥೆ ಇದೆ. ಥಾರ್‌ನಲ್ಲೂ ಅದು ಇದೆ. ಮೊದಲು ಒಂದೆರಡು ಕ್ಷಣ ಚಕ್ರ ಸುತ್ತುತ್ತದೆ, ಆಮೇಲೆ ಬ್ರೇಕ್ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಗಾಬರಿಯಾಗಿ ಕಾಲು ತೆಗೆಯಬಾರದು. ಆಕ್ಸಿಲರೇಟರ್ ಒಂದೇ ಸಮ ಹಿಡಿದಿರಬೇಕು. ನಿಮ್ಮ ಬಳಕೆಗೆ ಇದು ಸಾಕು ಅಂತ ನನ್ನ ಅನಿಸಿಕೆ.

ಇಷ್ಟೆಲ್ಲ ಇದ್ದರೂ ನೆಲ ಮುಟ್ಟುವುದು ಟಯರು ಮಾತ್ರ. ಕಂಪನಿಯ ರೋಡ್ ಟಯರಿನ ಗೆರೆಗಳಲ್ಲಿ ಕೆಸರು ತುಂಬಿಕೊಂಡರೆ ಅದು ನುಣ್ಣಗಿನ ಟಯರು ಇದ್ದ ಹಾಗೆ. ನಿಮಗೆ ಎಟಿ, ಅಂದರೆ ಆಲ್ ಟೆರೇನ್ ಟಯರು ಸರಿ. ಎಂಟಿ, ಅಂದರೆ ಮಡ್ ಟೆರೇನ್ ಹಾಕಿಸಬೇಡಿ. ಔಟರ್ ರಿಂಗ್ ರೋಡಿನಲ್ಲಿ ದಿನಾ ಅದರ ಗುಂಯ್ ಸದ್ದು ಕೇಳಬೇಕು, ಒದ್ದೆ ಟಾರಿನ ಮೇಲೆ ಅದರ ಹಿಡಿತ ಕಡಿಮೆ, ಮೈಲೇಜೂ ಬೀಳುತ್ತದೆ. ಜೊತೆಗೆ 12 ವೋಲ್ಟಿನ ಒಂದು ಕಂಪ್ರೆಸರ್ ತಗೊಳ್ಳಿ. ಕೆಸರಿಗೆ ಇಳಿಯುವ ಮೊದಲು ಟಯರಿನ ಗಾಳಿಯನ್ನು 18-20 ಪಿಎಸ್‌ಐಗೆ ಇಳಿಸಿದರೆ ಟಯರು ಅಗಲವಾಗಿ ಕೂರುತ್ತದೆ, ಹಿಡಿತ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಟಾರಿಗೆ ಬಂದ ತಕ್ಷಣ ಮತ್ತೆ ತುಂಬಬೇಕು. ಕಡಿಮೆ ಗಾಳಿಯಲ್ಲಿ ಹೈವೇಯಲ್ಲಿ ಓಡಿಸಿದರೆ ಟಯರು ಬಿಸಿಯಾಗಿ ಒಡೆಯಬಹುದು.

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆ ಎಷ್ಟು ಮೇಲಿದೆ ಅನ್ನುವುದೊಂದನ್ನೇ ಎಲ್ಲರೂ ಕೇಳುತ್ತಾರೆ. ಜಿಮ್ನಿಗೆ 210 ಮಿ.ಮೀ., ಥಾರ್‌ಗೆ 226 ಮಿ.ಮೀ. ಈ 16 ಮಿ.ಮೀ.ಗಿಂತ ಕೋನಗಳು ಮುಖ್ಯ, ಅಂದರೆ ಎಷ್ಟು ಕಡಿದಾದ ಏರು, ಇಳಿಜಾರಿನವರೆಗೆ ಗಾಡಿ ನೆಲಕ್ಕೆ ತಾಗುವುದಿಲ್ಲ ಅನ್ನುವುದು. ಏರಿನ ಬುಡದಲ್ಲಿ ಮೊದಲು ತಾಗುವುದು ಬಂಪರ್. ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗುತ್ತದೆ, ಇಳಿದು ಮುಗಿಯುವಾಗ ಹಿಂಭಾಗ. ಜಿಮ್ನಿಯ ಹಿಂದಿನ ಕೋನ 50 ಡಿಗ್ರಿ, ಮುಂದಿನದು 36. ಥಾರ್‌ನ ಮುಂದಿನದು 41 ಡಿಗ್ರಿ ಚಿಲ್ಲರೆ. ಉದ್ದನೆಯ ದೊಡ್ಡ ಎಸ್‌ಯುವಿ ಎಷ್ಟೇ ಎತ್ತರ ಇದ್ದರೂ ನೆತ್ತಿಯ ಮೇಲೆ ಹೊಟ್ಟೆ ಕೂತರೆ ನಾಲ್ಕು ಚಕ್ರವೂ ಕೆಲಸಕ್ಕೆ ಬರುವುದಿಲ್ಲ.

ತೂಕವನ್ನು ಯಾಕೋ ಯಾರೂ ಕೇಳುವುದೇ ಇಲ್ಲ. ಜಿಮ್ನಿ ಸುಮಾರು 1200 ಕೆ.ಜಿ. ಥಾರ್ ಅದಕ್ಕಿಂತ ಸುಮಾರು 500 ಕೆ.ಜಿ. ಜಾಸ್ತಿ. ಭಾರದ ಗಾಡಿ ಹೂತುಹೋಗುವ ಕೆಸರನ್ನು ಹಗುರ ಗಾಡಿ ಮೇಲಿಂದಲೇ ದಾಟಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಾಗಂತ ಜಿಮ್ನಿಯ ಪೆಟ್ರೋಲ್ ಎಂಜಿನ್ನಿಗೆ ಥಾರ್ ಡೀಸೆಲ್ಲಿನ ಎಳೆತ ಇಲ್ಲ. ಏರಿನಲ್ಲಿ ಸ್ವಲ್ಪ ಆರ್‌ಪಿಎಂ ಏರಿಸಿಕೊಂಡೇ ಹೋಗಬೇಕು. ಮೂರು ಜನ, ಕಡಿಮೆ ಸಾಮಾನು, ಅಪಾರ್ಟ್‌ಮೆಂಟಿನ ಇಕ್ಕಟ್ಟಾದ ಪಾರ್ಕಿಂಗ್ ಅಂದರೆ ನಾನು ಜಿಮ್ನಿ ಅನ್ನುತ್ತೇನೆ. ಬೆಟ್ಟದ ದಾರಿಯಲ್ಲಿ ಭಾರ ಹೊತ್ತು ಹೋಗುವುದು ಜಾಸ್ತಿ ಇದ್ದರೆ ಡೀಸೆಲ್ ಥಾರ್. ಆಟೊಮ್ಯಾಟಿಕ್ ಆಫ್‌ರೋಡಿಗೆ ಆಗಲ್ಲ ಅನ್ನುವ ಮಾತನ್ನು ನಂಬಬೇಡಿ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್ ಬಂಡೆ ಹತ್ತುವಾಗ ತುಂಬಾ ಸಲೀಸು, ಕ್ಲಚ್ ಸುಡುವ ಭಯವೂ ಇಲ್ಲ. ವಾರವಿಡೀ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ ದಾಟುವ ಕಾಲಿಗೂ ಒಳ್ಳೆಯದು ಅಲ್ವಾ.

ಒಂದು ಮಾತು ದಯವಿಟ್ಟು ನೆನಪಿಡಿ. ಈ ಗಾಡಿಗಳನ್ನು ಒಣ ಟಾರಿನ ಮೇಲೆ 4ಎಚ್ (ನಾಲ್ಕೂ ಚಕ್ರ ಎಳೆಯುವ, ಲೋ ಅಲ್ಲದ ಮಾಮೂಲಿ ಗೇರು) ಅಥವಾ 4ಎಲ್‌ನಲ್ಲಿ ಓಡಿಸಬಾರದು. ಆಗ ಮುಂದಿನ ಮತ್ತು ಹಿಂದಿನ ಆಕ್ಸಲ್ (ಎಡ-ಬಲ ಚಕ್ರ ಸೇರಿಸುವ ಅಚ್ಚು) ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಜಾಸ್ತಿ ದೂರ ಹೋಗಬೇಕು, ಟಾರಿನಲ್ಲಿ ಜಾರಿಕೊಳ್ಳಲು ಆಗುವುದಿಲ್ಲ. ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಗಾಡಿ ಹೂತಾಗ ಹಗ್ಗ ಕಟ್ಟಿ ಎಳೆಯುವ ಹುಕ್ಕು ಮುಂದೆ ಹಿಂದೆ ಎರಡೂ ಕಡೆ ಚಾಸಿಗೇ (ಗಾಡಿಯ ಕಬ್ಬಿಣದ ಚೌಕಟ್ಟು) ಬೋಲ್ಟ್ ಆಗಿರಬೇಕು. ಟ್ರೇಲರ್ ಕಟ್ಟುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಯಾವತ್ತೂ ಹಗ್ಗ ಹಾಕಬೇಡಿ. ಅದು ಮುರಿದು ಹಾರಿದರೆ ಗುಂಡಿನ ಹಾಗೆ ಬರುತ್ತದೆ, ಜೀವಕ್ಕೇ ಅಪಾಯ. ಒಂಟಿ ಗಾಡಿಯಲ್ಲಿ ಹೋಗಬೇಡಿ, ಜೊತೆಗೆ ಇನ್ನೊಂದಿರಲಿ.

ಬುಲ್ ಬಾರ್, ಅಂದರೆ ಬಂಪರ್ ಮುಂದೆ ಹಾಕಿಸುವ ಕಬ್ಬಿಣದ ಕಂಬಿ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಏರ್‌ಬ್ಯಾಗ್ ಕೆಲಸಕ್ಕೂ ಅದು ಅಡ್ಡ. ತೋಟದ ದಾರಿಗೆ ಮಾಲೀಕರನ್ನು ಕೇಳಿ ಇಳಿಯಿರಿ, ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಕಾಲಿಡಬೇಡಿ. ಸಕಲೇಶಪುರ ಕಡೆ ಆನೆಗಳು ತೋಟದೊಳಗೇ ಓಡಾಡುತ್ತವೆ. ಕತ್ತಲಾಗುವ ಮೊದಲೇ ಟಾರಿಗೆ ಬಂದುಬಿಡಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಒಂದು ಹಳೆಯ ಚಾಪೆ ತಗೊಂಡು ಹೋಗಿ, ಗಾಡಿಯ ಅಡಿಯಲ್ಲಿ ಮಲಗಿ ನೋಡಿ. ಚಾಸಿಯ ಒಳಮೂಲೆಗಳಲ್ಲಿ ಒಣಗಿದ ಮಣ್ಣು, ತುಕ್ಕು, ಬಂಡೆಗೆ ತಾಗಿದ ಗಾಯ ಕಾಣುತ್ತವೆ. ಮುಂದೆ ಹಿಂದೆ ಎರಡೂ ಆಕ್ಸಲ್‌ನ ಆಯಿಲ್ ಪ್ಲಗ್ ಬಿಚ್ಚಿಸಿ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಬಿಟ್ಟು ಬನ್ನಿ.