ರಸ್ತೆಗೆ ಹಣವಿದೆ, ಗ್ರಂಥಾಲಯಕ್ಕಿಲ್ಲ: ತೆರಿಗೆದಾರರು ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನಮ್ಮದು ಬೆಂಗಳೂರಿನ ಹಳೆಯ ಬಡಾವಣೆ. ಡಾಂಬರು ಹಾಕಿ ಎರಡು ವರ್ಷವೂ ತುಂಬದ ರಸ್ತೆಯನ್ನು ಅಗೆದು ಮತ್ತೆ ಡಾಂಬರು ಹಾಕುತ್ತಿದ್ದಾರೆ. ಅದೇ ಬೀದಿಯ ಸಾರ್ವಜನಿಕ ಗ್ರಂಥಾಲಯದ ಚಾವಣಿ ಮಳೆಗಾಲವಿಡೀ ಸೋರುತ್ತದೆ. ಕೇಳಿದರೆ ಹಣವಿಲ್ಲ ಎನ್ನುತ್ತಾರೆ. ಲೆಕ್ಕ ಕೊಡುವವರೆಗೆ ಆಸ್ತಿ ತೆರಿಗೆ ಕಟ್ಟುವುದೇ ಬೇಡವೆಂದು ನಿವಾಸಿಗಳ ಸಂಘದಲ್ಲಿ ಕೆಲವರ ವಾದ. ಇದು ಕಾನೂನಿಗೆ ಒಪ್ಪುತ್ತದೆಯೇ?

ಉತ್ತರ: ಒಪ್ಪುವುದಿಲ್ಲ. ತೆರಿಗೆಯು ನಿರ್ದಿಷ್ಟ ಸೇವೆಗೆ ಪ್ರತಿಯಾಗಿ ಕೊಡುವ ಶುಲ್ಕವಲ್ಲವಾದ್ದರಿಂದ, ಸೇವೆ ಕಳಪೆಯೆಂಬ ಕಾರಣಕ್ಕೆ ಅದನ್ನು ತಡೆಹಿಡಿಯಲು ಬರುವುದಿಲ್ಲ. ತಡೆಹಿಡಿದರೆ ಬಡ್ಡಿ, ದಂಡ ಬೀಳುವುದು ನಿಮ್ಮ ಮೇಲೆಯೇ. ತೆರಿಗೆ ಕಟ್ಟಿದ ರಸೀದಿ ಕೈಯಲ್ಲಿಟ್ಟುಕೊಂಡು ಪ್ರಶ್ನೆ ಕೇಳುವುದೇ ಜಾಣತನ. ಆದರೆ ನಿಮ್ಮ ದೂರಿನಲ್ಲಿ ಸ್ವರೂಪದಲ್ಲೇ ಬೇರೆಯಾದ ಎರಡು ಬಗೆಯ ಹಣ ಬೆರೆತಿದೆ. ಅವನ್ನು ಬಿಡಿಸಿಕೊಳ್ಳದೆ ಕೇಳಿದರೆ ಸಿಗುವುದು ಹಾರಿಕೆಯ ಉತ್ತರ.

ಮೊದಲು ಗ್ರಂಥಾಲಯದ ವಿಷಯ. ಆಸ್ತಿ ತೆರಿಗೆಯ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಿರಾಶ್ರಿತರ ಪರಿಹಾರಕ್ಕೆ ಶೇ 3ರಂತೆ ಉಪಕರ, ಅಂದರೆ ಸೆಸ್, ವಸೂಲಾಗುತ್ತದೆ. ನಿಮ್ಮ ತೆರಿಗೆ 10,000 ರೂಪಾಯಿಯಾದರೆ ಅದರ ಮೇಲೆ 600 ರೂಪಾಯಿಯನ್ನು ನೀವು ಗ್ರಂಥಾಲಯಕ್ಕೆಂದೇ ಕೊಟ್ಟಿದ್ದೀರಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಬರುವ ಈ ಹಣ ಪಾಲಿಕೆಯದಲ್ಲ. ಪಾಲಿಕೆ ಅದನ್ನು ವಸೂಲು ಮಾಡಿ ಗ್ರಂಥಾಲಯಗಳ ವ್ಯವಸ್ಥೆಗೆ ವರ್ಗಾಯಿಸುವ ಮಧ್ಯವರ್ತಿ ಮಾತ್ರ. ಬೇರೆ ಖರ್ಚಿನ ಒತ್ತಡವನ್ನು ಮುಂದಿಟ್ಟು ಅದನ್ನು ಉಳಿಸಿಕೊಳ್ಳುವ ವಿವೇಚನೆಯನ್ನು ಕಾನೂನು ಪಾಲಿಕೆಗೆ ಕೊಟ್ಟಿಲ್ಲ. ಹೀಗಿದ್ದೂ ಉಪಕರದ ಬಾಕಿಯ ಜಗಳ ಬೆಂಗಳೂರಿನಲ್ಲಿ ವರ್ಷಗಳಿಂದ ನಡೆದೇ ಇದೆ. ಆದ್ದರಿಂದ ವರ್ಷವಾರು ಎಷ್ಟು ಉಪಕರ ವಸೂಲಾಯಿತು, ಎಷ್ಟು ವರ್ಗಾವಣೆಯಾಯಿತು ಎಂದು ಪಾಲಿಕೆಯನ್ನೂ, ಎಷ್ಟು ತಲುಪಿತು, ನಿಮ್ಮ ಶಾಖೆಯ ಕಟ್ಟಡಕ್ಕೆ ಎಷ್ಟು ಖರ್ಚಾಯಿತು ಎಂದು ಸಾರ್ವಜನಿಕ ಗ್ರಂಥಾಲಯ ಇಲಾಖೆಯನ್ನೂ ಬೇರೆ ಬೇರೆಯಾಗಿ ಕೇಳಿ. ಎರಡು ಉತ್ತರಗಳು ತಾಳೆಯಾಗದ ಕಡೆಯಲ್ಲೇ ನಿಮ್ಮ ವಾದಕ್ಕೆ ಬಲ ಬರುತ್ತದೆ.

ರಸ್ತೆಯ ಹಣ ಹಾಗಲ್ಲ. ಯಾವ ರಸ್ತೆಗೆ ಮೊದಲು ಡಾಂಬರು ಎಂಬುದು ಬಜೆಟ್‌ನ ಆದ್ಯತೆಯ ಪ್ರಶ್ನೆ. ಇದರಲ್ಲಿ ನ್ಯಾಯಾಲಯಗಳು ಸಾಮಾನ್ಯವಾಗಿ ತಲೆಹಾಕುವುದಿಲ್ಲ. ಚರಂಡಿ, ನೈರ್ಮಲ್ಯದಂತಹ ಮೂಲಭೂತ ಹೊಣೆಯ ಮಾತು ಬೇರೆ. ಅಲ್ಲಿ ಹಣವಿಲ್ಲವೆಂಬ ನೆಪ ನಡೆಯದೆಂದು ಮಧ್ಯಪ್ರದೇಶದ ರತ್ಲಾಂ ನಗರಸಭೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಆದ್ಯತೆಯ ಚರ್ಚೆ ನಡೆಯಬೇಕಾದದ್ದು ಚುನಾಯಿತ ಕೌನ್ಸಿಲ್‌ನಲ್ಲಿ. ಬಿಬಿಎಂಪಿ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಒಪ್ಪಿಗೆಯಿಂದಲೇ ಬಜೆಟ್ ನಡೆದದ್ದು, ನನ್ನ ದೃಷ್ಟಿಯಲ್ಲಿ, ಇಂತಹ ಅಸಮಾಧಾನದ ದೊಡ್ಡ ಮೂಲ.

ಹಾಗೆಂದು ರಸ್ತೆಯ ಬಗ್ಗೆ ಕೇಳುವುದಕ್ಕೇನೂ ಇಲ್ಲವೆಂದಲ್ಲ. ಆದ್ಯತೆಯನ್ನು ಬಿಟ್ಟು ಕಾರ್ಯವಿಧಾನವನ್ನು ಕೇಳಿ. ಅಗೆದವರು ಯಾರು? ಜಲಮಂಡಳಿಯೋ ಕೇಬಲ್ ಕಂಪನಿಯೋ ಆಗಿದ್ದರೆ ರಸ್ತೆ ಅಗೆತದ ಅನುಮತಿ ಮತ್ತು ಅದಕ್ಕೆ ಕಟ್ಟಿದ ಶುಲ್ಕದ ದಾಖಲೆ ಇರಬೇಕು. ಪಾಲಿಕೆಯೇ ಆಗಿದ್ದರೆ ಹಿಂದಿನ ಕಾಮಗಾರಿಯ ದೋಷ ಹೊಣೆಗಾರಿಕೆಯ ಅವಧಿ, ಅಂದರೆ ಕೆಲಸ ಕೆಟ್ಟರೆ ಗುತ್ತಿಗೆದಾರನೇ ಸರಿಪಡಿಸಿಕೊಡಬೇಕಾದ ಅವಧಿ, ಮುಗಿದಿತ್ತೇ ಎಂಬುದೇ ಮುಖ್ಯ. ಮುಗಿದಿಲ್ಲದಿದ್ದರೆ ದುರಸ್ತಿಯ ಖರ್ಚು ಹಳೆಯ ಗುತ್ತಿಗೆದಾರನದು, ನಿಮ್ಮದಲ್ಲ. ಕಾಮಗಾರಿಯ ಗುರುತು ಸಂಖ್ಯೆಯಾದ ಜಾಬ್ ಕೋಡ್, ಅಂದಾಜು ಪಟ್ಟಿ, ಕಾರ್ಯಾದೇಶ, ಮಾಡಿದ ಕೆಲಸವನ್ನು ಅಳೆದು ದಾಖಲಿಸುವ ಅಳತೆ ಪುಸ್ತಕ ಇವುಗಳ ಪ್ರತಿಗಳನ್ನು ಪಡೆಯಿರಿ. ಟೆಂಡರ್ ಇಲ್ಲದೆ ಕೆಲಸ ಕೊಟ್ಟಿದ್ದರೆ, ಸರ್ಕಾರಿ ಖರೀದಿ, ಗುತ್ತಿಗೆಗಳಿಗೆ ಅನ್ವಯಿಸುವ 1999ರ ಪಾರದರ್ಶಕತೆ ಕಾಯ್ದೆಯ ಯಾವ ವಿನಾಯಿತಿಯಡಿ ಕೊಟ್ಟರೆಂಬುದನ್ನೂ ಕೇಳಿ. ಮಾಹಿತಿ ಹಕ್ಕು ಕಾಯ್ದೆಯು ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಇದನ್ನು ಬಳಸುವವರು ಏಕೋ ವಿರಳ.

ಕರ್ನಾಟಕದ ನಿಯಮದಂತೆ ಮಾಹಿತಿ ಹಕ್ಕಿನ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ರಸ್ತೆಗೂ ಗ್ರಂಥಾಲಯಕ್ಕೂ ಪ್ರತ್ಯೇಕ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿಯನ್ನು, ಅಲ್ಲೂ ಪರಿಹಾರ ಸಿಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದನ್ನು ಸಲ್ಲಿಸಬಹುದು.